ಮೂರು ಕಾಯಿ ಒಂದೇ ಸಾಲಿಗೆ ಬಾರದಂತೆ

ಚೌಕಾಬಾರದ ಮಣೆಯಲ್ಲಿ ಅಡ್ಡಕ್ಕೆ ಐದು, ಉದ್ದಕ್ಕೆ ಐದು, ಒಟ್ಟು 25 ಮನೆಗಳು. ಕವಡೆಗಳನ್ನು ಪಕ್ಕಕ್ಕಿಟ್ಟು ಅದೇ ಮಣೆಯ ಮೇಲೆ ಬೇರೊಂದು ಆಟ ಆಡಿ ನೋಡಬಹುದು. ಒಂದೊಂದೇ ಕಾಯಿ ಇಡುತ್ತ ಹೋಗಬೇಕು. ಯಾವ ಮೂರು ಕಾಯಿಗಳೂ ಒಂದೇ ಸಾಲಿಗೆ ಬರಬಾರದು. ಹೀಗೆ ಹೆಚ್ಚೆಂದರೆ ಎಷ್ಟು ಕಾಯಿ ಇಡಬಹುದು?

ಸಾಲು ಎಂದರೆ ಇಲ್ಲಿ ಕಣ್ಣಿಗೆ ಕಾಣುವ ಅಡ್ಡಸಾಲು, ಉದ್ದಸಾಲು ಮತ್ತು ಮೂಲೆಯಿಂದ ಮೂಲೆಗೆ ಹೋಗುವ ಸಾಲು ಮಾತ್ರವಲ್ಲ. ಮಣೆಯ ಬಲ ಅಂಚಿನಿಂದ ಹೊರಬಿದ್ದ ಸಾಲು ಅದೇ ಓರೆಯಲ್ಲಿ ಎಡ ಅಂಚಿನಿಂದ ಒಳಬರುತ್ತದೆ. ಮೇಲೆ ಹೊರಬಿದ್ದದ್ದು ಕೆಳಗಿನಿಂದ ಏರುತ್ತದೆ. ಚದುರಂಗದ ಕುದುರೆ ಒಂದೇ ದಿಕ್ಕಿನಲ್ಲಿ ಜಿಗಿಯುತ್ತ ಹೋದರೆ ಅದು ಕಾಲಿಟ್ಟ ಮನೆಗಳೂ ಒಂದು ಸಾಲೇ. ಹೀಗೆ ಲೆಕ್ಕ ಹಾಕಿದರೆ ಆರು ದಿಕ್ಕುಗಳು, ದಿಕ್ಕಿಗೆ ಐದರಂತೆ 30 ಸಾಲುಗಳು, ಪ್ರತಿ ಸಾಲಿನಲ್ಲೂ ಐದು ಮನೆಗಳು. ಯಾವ ಎರಡು ಮನೆಗಳನ್ನು ತೆಗೆದುಕೊಂಡರೂ ಅವೆರಡನ್ನೂ ಹಾಯುವ ಸಾಲು ಒಂದೇ ಒಂದು. ಒಂದು ಸಾಲಿಗೆ ಹೊರಗಿನ ಮನೆಯಿಂದ ಸಮಾಂತರವಾಗಿ ಹೋಗುವ ಸಾಲೂ ಒಂದೇ. ಶಾಲೆಯಲ್ಲಿ ಕಲಿತ ಯೂಕ್ಲಿಡ್‌ನ ಮುಖ್ಯ ನಿಯಮಗಳು ಬರೀ 25 ಬಿಂದುಗಳ ಈ ಪುಟ್ಟ ಲೋಕದಲ್ಲಿ ಕುಂದಿಲ್ಲದೆ ನಡೆಯುತ್ತವೆ. ಗಣಿತಜ್ಞರು ಇದನ್ನು ಪರಿಮಿತ ಅಫೈನ್ ಸಮತಲ ಎನ್ನುತ್ತಾರೆ. ಒಂದು ಸಾಲಿನಲ್ಲಿ ಐದು ಬಿಂದುಗಳಿರುವುದರಿಂದ ಇದು 5ನೇ ದರ್ಜೆಯ ಸಮತಲ.

ಆಟದ ಉತ್ತರ: ಆರು ಕಾಯಿ. ಕೆಳಗಿನಿಂದ ಎಣಿಸಿದರೆ ಮೊದಲನೆಯ ಅಡ್ಡಸಾಲಿನ 2 ಮತ್ತು 5ನೇ ಮನೆ, ಮೂರನೆಯ ಸಾಲಿನ 3 ಮತ್ತು 4ನೇ ಮನೆ, ನಾಲ್ಕನೆಯ ಸಾಲಿನ ಅವೇ 3 ಮತ್ತು 4ನೇ ಮನೆ. ಏಳನೆಯ ಕಾಯಿಗೆ ಜಾಗ ಸಿಗುವುದಿಲ್ಲ. ಬೇರೆ ರೀತಿಯಲ್ಲಿ ಇಟ್ಟು ನೋಡಿದರೂ ಸಿಗುವುದಿಲ್ಲ.

ಮೂರು ಒಂದೇ ಸಾಲಿಗೆ ಬಾರದಂಥ ಬಿಂದುಗಳ ಗುಂಪಿಗೆ ಜ್ಯಾಮಿತಿಯಲ್ಲಿ ಆರ್ಕ್ ಎಂದು ಹೆಸರು. ಶಾಲೆಯ ಕೈವಾರದಲ್ಲಿ ಎಳೆಯುವ ಕಂಸಕ್ಕೂ ಇದೇ ಇಂಗ್ಲಿಷ್ ಪದವಾದರೂ ಇದು ಬೇರೆ. ಸಾಲಿನಲ್ಲಿರುವ ಬಿಂದುಗಳಿಗಿಂತ ಒಂದು ಹೆಚ್ಚು ಬಿಂದುವಿರುವ ಆರ್ಕನ್ನು ಓವಲ್ ಎನ್ನುತ್ತಾರೆ. ಲ್ಯಾಟಿನ್ನಿನಲ್ಲಿ ಮೊಟ್ಟೆಗಿರುವ ಪದದಿಂದ ಬಂದ ಹೆಸರು ಅದು. ಮಣೆಯ ಮೇಲಿನ ಆರು ಕಾಯಿಗಳಲ್ಲಿ ಮೊಟ್ಟೆಯ ಆಕಾರ ಕಾಣಿಸದಿದ್ದರೆ ಅದು ಓದುಗರ ಕಣ್ಣಿನ ದೋಷವಲ್ಲ. ಈ ಮೊಟ್ಟೆಯನ್ನು ಒಂದು ಕಡೆ ಹೊಲದ ಬೆಳೆಯ ಪ್ರಯೋಗಕ್ಕಾಗಿ ಹುಡುಕಿದರು, ಇನ್ನೊಂದು ಕಡೆ ಆಕಾಶ ನೋಡುವವರು ಹುಡುಕಿದರು. ಇಬ್ಬರಿಗೂ ಬೇಕಾಗಿದ್ದದ್ದು ಬೇರೆ, ಸಿಕ್ಕಿದ್ದು ಬೇರೆ.

ಮೊದಲು ಕಲ್ಕತ್ತ. ರಾಜ್ ಚಂದ್ರ ಬೋಸ್ ಹುಟ್ಟಿದ್ದು 1901ರಲ್ಲಿ, ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ. 1918ರ ಇನ್‌ಫ್ಲುಯೆಂಜಾದಲ್ಲಿ ತಾಯಿ ತೀರಿಕೊಂಡರು, ಮರುವರ್ಷ ತಂದೆ. ದೆಹಲಿಯಲ್ಲಿ ಓದಿ ಕಲ್ಕತ್ತಕ್ಕೆ ಬಂದ ಬೋಸ್ ಅವರಿಗೆ ಗುರುವಾಗಿ ದೊರೆತವರು ಶ್ಯಾಮದಾಸ ಮುಖೋಪಾಧ್ಯಾಯ. ಮುಖೋಪಾಧ್ಯಾಯರ ಹೆಸರು ಇಂದಿಗೂ ಉಳಿದಿರುವುದು 1909ರಲ್ಲಿ ಕಲ್ಕತ್ತ ಗಣಿತ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಲೇಖನದಿಂದ. ನುಣುಪಾದ ಮೊಟ್ಟೆಯಾಕಾರದ ಗೆರೆಯನ್ನು ಹೇಗೆಯೇ ಎಳೆಯಿರಿ, ಅದರ ಬಾಗು ಏರಿಕೆಯಿಂದ ಇಳಿಕೆಗೋ ಇಳಿಕೆಯಿಂದ ಏರಿಕೆಗೋ ತಿರುಗುವ ತಾಣಗಳು ನಾಲ್ಕಕ್ಕೆ ಕಡಿಮೆ ಇರುವುದಿಲ್ಲ ಎಂದು ಅವರು ಅದರಲ್ಲಿ ತೋರಿಸಿದ್ದರು. ಬೋಸ್ ಕೂಡ ಮೊದಮೊದಲು ಇಂಥ ಮೊಟ್ಟೆಗಳ ಮೇಲೆಯೇ ಬರೆದರು. ಕಾಗದದ ಮೇಲೆ ಎಳೆಯಬಹುದಾದ, ಎಡೆಬಿಡದ ಗೆರೆಯ ಮೊಟ್ಟೆಗಳು ಅವು.

1932ರಲ್ಲಿ ಪ್ರಶಾಂತಚಂದ್ರ ಮಹಲನೋಬಿಸ್ ಈ ತರುಣ ಜ್ಯಾಮಿತಿಜ್ಞನನ್ನು ತಮ್ಮ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಅರೆಕಾಲಿಕವಾಗಿ ಕರೆದುಕೊಂಡರು. ಅಲ್ಲಿ ಸಂಖ್ಯಾಶಾಸ್ತ್ರವೆಂದರೆ ಬಹುಪಾಲು ಬೆಳೆ, ಪ್ರವಾಹ, ಜನಗಣತಿಯ ಲೆಕ್ಕ. ಮೊಟ್ಟೆಗಳ ಜ್ಯಾಮಿತಿಗೂ ಅದಕ್ಕೂ ನಂಟು ಇದ್ದಂತೆ ಕಾಣುತ್ತಿರಲಿಲ್ಲ.

ನಂಟು ಹುಟ್ಟಿದ್ದು ಎರಡು ಕಡೆಯಿಂದ. 1938ರ ಜನವರಿಯಲ್ಲಿ ಮೊದಲ ಭಾರತೀಯ ಸಂಖ್ಯಾಶಾಸ್ತ್ರ ಸಮ್ಮೇಳನದ ಅಧ್ಯಕ್ಷತೆ ವಹಿಸಲು ಇಂಗ್ಲೆಂಡಿನಿಂದ ರೊನಾಲ್ಡ್ ಫಿಶರ್ ಬಂದಿದ್ದರು. ಹೊಲದಲ್ಲಿ ಗೊಬ್ಬರ, ಬಿತ್ತನೆ, ನೀರುಗಳ ಪ್ರಯೋಗವನ್ನು ಹೇಗೆ ಹೂಡಬೇಕೆಂದು ಜಗತ್ತಿಗೆ ಹೇಳಿಕೊಟ್ಟ ವ್ಯಕ್ತಿ ಅವರು. ಅಂಥ ಪ್ರಯೋಗಗಳ ನಕ್ಷೆಯನ್ನು ಕಟ್ಟುವ ಬಗೆ ಹೇಗೆ ಎಂಬ ಪ್ರಶ್ನೆಗಳನ್ನು ಫಿಶರ್ ಕಲ್ಕತ್ತದಲ್ಲಿ ಬಿಟ್ಟುಹೋದರು. ಅದೇ ವೇಳೆಗೆ ಕಲ್ಕತ್ತ ವಿಶ್ವವಿದ್ಯಾಲಯದ ಗಣಿತ ವಿಭಾಗದಲ್ಲಿ ಫ್ರೀಡ್ರಿಷ್ ಲೆವಿ ಎಂಬ ಪ್ರೊಫೆಸರ್ ಇದ್ದರು. ಯೆಹೂದಿ ಎಂಬ ಕಾರಣಕ್ಕೆ 1935ರಲ್ಲಿ ಜರ್ಮನಿಯ ಲೈಪ್‌ಜಿಗ್ ವಿಶ್ವವಿದ್ಯಾಲಯದಿಂದ ವಜಾ ಆಗಿ ಬಂದವರು. ಬೀಜಗಣಿತದ ಹೊಸ ವಿಚಾರಗಳನ್ನು ಅವರು ಕಲ್ಕತ್ತದಲ್ಲಿ ಪಾಠ ಹೇಳಿದರು. ಅದರಲ್ಲಿ ಗಾಲ್ವಾ ಕ್ಷೇತ್ರವೂ ಒಂದು.

ಗಾಲ್ವಾ ಕ್ಷೇತ್ರವೆಂದರೆ ಬೆರಳೆಣಿಕೆಯ ಸಂಖ್ಯೆಗಳಲ್ಲೇ ಕೂಡು, ಕಳೆ, ಗುಣಿಸು, ಭಾಗಿಸು ನಾಲ್ಕೂ ನಡೆಯುವ ಲೋಕ. ಚೌಕಾಬಾರದ ಮಣೆಗೆ ಸಾಕಾಗುವುದು 0, 1, 2, 3, 4 ಎಂಬ ಐದೇ ಸಂಖ್ಯೆಗಳು. ಗಡಿಯಾರದಲ್ಲಿ 12ರ ನಂತರ ಮತ್ತೆ 1 ಬರುವಂತೆ ಇಲ್ಲಿ 4ರ ನಂತರ ಮತ್ತೆ 0. ಮೂರು ನಾಲ್ಕಲ ಹನ್ನೆರಡು ಎನ್ನುವ ಬದಲು 12ನ್ನು 5ರಿಂದ ಭಾಗಿಸಿ ಶೇಷ 2 ಎನ್ನಬೇಕು. ಮನೆಯ ವಿಳಾಸ ಎರಡು ಸಂಖ್ಯೆ, ಸಾಲು ಒಂದು ಸಮೀಕರಣ. ಬಲದಿಂದ ಹೊರಬಿದ್ದ ಸಾಲು ಎಡದಿಂದ ಒಳಬರುವುದರ ಗುಟ್ಟು ಇಷ್ಟೇ. ಇಂಥ ಕ್ಷೇತ್ರಗಳು 2, 3, 4, 5, 7, 8, 9, 11 ಹೀಗೆ ಅವಿಭಾಜ್ಯ ಸಂಖ್ಯೆಗಳಿಗೂ ಅವುಗಳ ಘಾತಗಳಿಗೂ ಸಿಗುತ್ತವೆ. 6ಕ್ಕೆ, 10ಕ್ಕೆ ಸಿಗುವುದಿಲ್ಲ.

ಬೋಸ್ ಈ ಉಪಕರಣವನ್ನು ಫಿಶರ್ ಬಿಟ್ಟುಹೋದ ಪ್ರಶ್ನೆಗಳ ಮೇಲೆ ಪ್ರಯೋಗಿಸಿದರು. ಫಲ ಅದೇ 1938ರಿಂದಲೇ ಸಂಸ್ಥೆಯ ಪತ್ರಿಕೆ ‘ಸಂಖ್ಯಾ’ದಲ್ಲಿ ಬರತೊಡಗಿತು. ನಮ್ಮ ಕಥೆಗೆ ಬೇಕಾದ ಲೇಖನ 1947ರದು. ಅದರ ಹಿಂದಿನ ಸಮಸ್ಯೆಯನ್ನು ರೈತರಾದವರು ಬೇಗ ಗ್ರಹಿಸುತ್ತಾರೆ. ಸಾರಜನಕ, ರಂಜಕ, ಪೊಟ್ಯಾಷ್ ಹೀಗೆ ಹಲವು ಗೊಬ್ಬರಗಳಿವೆ. ಪ್ರತಿಯೊಂದನ್ನೂ ಹಾಕದೆ, ಸ್ವಲ್ಪ ಹಾಕಿ, ಹೆಚ್ಚು ಹಾಕಿ ಮೂರು ಪ್ರಮಾಣಗಳಲ್ಲಿ ಪರೀಕ್ಷಿಸಬೇಕು. ಒಂದೊಂದರ ಗುಣ ಮಾತ್ರವಲ್ಲ, ಎರಡು ಮೂರು ಕೂಡಿದಾಗ ಏನಾಗುತ್ತದೆ ಎಂಬುದೂ ತಿಳಿಯಬೇಕು. ಆದರೆ ಹೊಲದ ಮಣ್ಣು ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಆದ್ದರಿಂದ ಹೊಲವನ್ನು ಭಾಗ ಮಾಡಿ, ಒಂದೊಂದು ಭಾಗದಲ್ಲಿ ಒಂದಿಷ್ಟು ಮಡಿಗಳಂತೆ ಪ್ರಯೋಗವನ್ನು ಹಂಚುತ್ತಾರೆ. ಹಂಚುವುದರಲ್ಲಿ ತಪ್ಪಿದರೆ ಮಣ್ಣಿನ ಗುಣ ಗೊಬ್ಬರದ ಗುಣದೊಡನೆ ಬೆರೆತುಹೋಗುತ್ತದೆ. ಫಸಲು ಹೆಚ್ಚಿದ್ದು ಯಾವುದರಿಂದ ಎಂದು ಹೇಳುವಂತಿಲ್ಲ.

ಒಂದು ಭಾಗದಲ್ಲಿ 27 ಮಡಿಗಳಿದ್ದರೆ, ಯಾವ ಮೂರು ಗೊಬ್ಬರಗಳ ಕೂಡು ಪರಿಣಾಮವೂ ಮಣ್ಣಿನೊಡನೆ ಬೆರೆಯದಂತೆ ಎಷ್ಟು ಗೊಬ್ಬರಗಳನ್ನು ಒಟ್ಟಿಗೆ ಪರೀಕ್ಷಿಸಬಹುದು? ಈ ಪ್ರಶ್ನೆಯನ್ನು ಬೋಸ್ ಬಿಂದು-ರೇಖೆಗಳ ಭಾಷೆಗೆ ತಂದರು. ಗೊಬ್ಬರವೊಂದಕ್ಕೆ ಒಂದು ಬಿಂದು. ಮೂರು ಬಿಂದುಗಳು ಒಂದೇ ಸಾಲಿಗೆ ಬಂದರೆ ಆ ಮೂರರ ಪರಿಣಾಮ ಮಣ್ಣಿನೊಡನೆ ಬೆರೆಯಿತೆಂದು ಅರ್ಥ. ಅಲ್ಲಿಗೆ ಹೊಲದ ಪ್ರಶ್ನೆ ಮಣೆಯ ಆಟವಾಯಿತು. ಮೂರು ಪ್ರಮಾಣ, 27 ಮಡಿಗಳಿಗೆ ಉತ್ತರ ನಾಲ್ಕು ಗೊಬ್ಬರ, ಐದು ಸಾಧ್ಯವಿಲ್ಲ. ನಾಲ್ಕು ಪ್ರಮಾಣ, 64 ಮಡಿಗಳಿಗೆ ಆರು. ಐದು ಪ್ರಮಾಣ, 125 ಮಡಿಗಳಿಗೂ ಆರೇ.

ಮೂರಕ್ಕೆ ನಾಲ್ಕು, ನಾಲ್ಕಕ್ಕೆ ಆರು, ಐದಕ್ಕೆ ಆರು. ಈ ಎಡವಟ್ಟು ಏರಿಕೆಯ ಕಾರಣವನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಅರಿಯಬಲ್ಲ. ಮಣೆಯ ಮೇಲೆ ಏಳು ಕಾಯಿಗಳಿವೆ ಎಂದುಕೊಳ್ಳೋಣ. ಒಂದು ಕಾಯಿಯಿಂದ ಹೊರಡುವ ಸಾಲುಗಳು ಆರು. ಒಂದೊಂದರಲ್ಲೂ ಇನ್ನೊಂದೇ ಕಾಯಿ ಇರಬಹುದು. ಉಳಿದ ಕಾಯಿಗಳೂ ಆರೇ ಆದ್ದರಿಂದ ಪ್ರತಿ ಸಾಲಿಗೂ ಒಂದು ಬಂದೇ ಬರಬೇಕು. ಎಂದರೆ ಮಣೆಯ ಯಾವ ಸಾಲಿನಲ್ಲಾದರೂ ಕಾಯಿಯೇ ಇರುವುದಿಲ್ಲ, ಇದ್ದರೆ ಎರಡಿರುತ್ತವೆ. ಒಂಟಿ ಕಾಯಿಯ ಸಾಲೇ ಇಲ್ಲ. ಈಗ ಒಂದು ಖಾಲಿ ಮನೆಯಲ್ಲಿ ನಿಂತು ನೋಡಿ. ಅಲ್ಲಿಂದ ಹೊರಡುವ ಆರು ಸಾಲುಗಳು ಇಡೀ ಮಣೆಯನ್ನು ಹಂಚಿಕೊಳ್ಳುತ್ತವೆ, ಪ್ರತಿ ಸಾಲಿನಲ್ಲೂ ಕಾಯಿಗಳು ಜೋಡಿ ಜೋಡಿ. ಹಾಗಾದರೆ ಕಾಯಿಗಳ ಒಟ್ಟು ಸಂಖ್ಯೆ ಸಮವಾಗಬೇಕು. ಏಳು ಬೆಸ. ಆದ್ದರಿಂದ ಏಳು ಅಸಾಧ್ಯ. ನಾಲ್ಕನೇ ದರ್ಜೆಯ 16 ಮನೆಗಳ ಸಮತಲದಲ್ಲಾದರೆ ಇದೇ ವಾದದ ಕೊನೆಯಲ್ಲಿ ಬರುವ ಸಂಖ್ಯೆ ಆರು, ಅದು ಸಮ, ಅಡ್ಡಿಯಿಲ್ಲ. ಬೆಸ ದರ್ಜೆಯಲ್ಲಿ ಒಂದು ಹೆಚ್ಚು, ಸಮ ದರ್ಜೆಯಲ್ಲಿ ಎರಡು ಹೆಚ್ಚು. ಇದು ಇಂದು ಬೋಸ್ ಅವರ ಹೆಸರಿನಲ್ಲೇ ಪಠ್ಯಪುಸ್ತಕಗಳಲ್ಲಿದೆ.

ಆ ವರ್ಷಗಳ ಸಂಸ್ಥೆಯಲ್ಲಿ ಕರ್ನಾಟಕದ ನೆಲದಲ್ಲಿ ಹುಟ್ಟಿದ ಒಬ್ಬರೂ ಇದ್ದರು. 1920ರಲ್ಲಿ ಹೂವಿನ ಹಡಗಲಿಯಲ್ಲಿ, ತೆಲುಗು ಮನೆತನದಲ್ಲಿ ಜನಿಸಿದ ಸಿ.ಆರ್. ರಾವ್. ಹಡಗಲಿ ಆಗ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿತ್ತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. 1941ರಲ್ಲಿ ಕಲ್ಕತ್ತಕ್ಕೆ ಬಂದ ರಾವ್ ಬೋಸ್ ಅವರಿಂದ ಪಾಠ ಹೇಳಿಸಿಕೊಂಡವರು, ಅವರೊಡನೆ ಕೆಲಸ ಮಾಡಿದವರು. 1945ರಲ್ಲಿ ಪರಿಮಿತ ಜ್ಯಾಮಿತಿಯ ಮೇಲೆ ಬರೆದರು. 1947ರಲ್ಲಿ ಆರ್ತಾಗನಲ್ ಅರೇ ಎಂಬ ಪಟ್ಟಿಗಳನ್ನು ರಚಿಸಿ ತೋರಿಸಿದರು. ಅವುಗಳಲ್ಲಿ ಒಂದು ಬಗೆಗೂ ಆರ್ಕುಗಳಿಗೂ ನೇರ ನಂಟು. ಮುಂದೆ ಜಪಾನಿನ ಗೆನಿಚಿ ತಗುಚಿ ಕಾರ್ಖಾನೆಗಳ ಗುಣಮಟ್ಟದ ಪ್ರಯೋಗಗಳಿಗೆ ಇದೇ ಪಟ್ಟಿಗಳನ್ನು ಬಳಸಿ ಹೆಸರಾದರು. ರಾವ್ 102 ವರ್ಷ ಬದುಕಿ 2023ರಲ್ಲಿ ಅಮೆರಿಕದಲ್ಲಿ ನಿಧನರಾದರು.

ಎಷ್ಟು ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು. ಎಂಥದು ಎಂಬ ಪ್ರಶ್ನೆ ಹುಟ್ಟಿದ್ದು ಫಿನ್ಲೆಂಡಿನಲ್ಲಿ.

ಗುಸ್ತಾಫ್ ಯಾರ್ನೆಫೆಲ್ಟ್ ಹೆಲ್ಸಿಂಕಿಯ ಖಗೋಳಜ್ಞ. ಅವರಿಗಿಂತ ಎರಡು ದಶಕ ಕಿರಿಯರಾದ ಪಾಲ್ ಕುಸ್ತಾನ್‌ಹೈಮೊ ಕೂಡ ಖಗೋಳಜ್ಞರೇ. ಇಬ್ಬರನ್ನೂ ಕಾಡಿದ್ದು ಒಂದು ವಿಚಿತ್ರ ಆಲೋಚನೆ. ಅಳತೆಯೆಂಬುದು ಯಾವಾಗಲೂ ಒಂದು ಮಿತಿಯವರೆಗೆ ಮಾತ್ರ ಸಾಧ್ಯ. ಹಾಗಿದ್ದಮೇಲೆ ಆಕಾಶದಲ್ಲಿ ಅನಂತ ಬಿಂದುಗಳಿವೆ ಎಂದು ಏಕೆ ನಂಬಬೇಕು? ವಿಶ್ವವೇ ಒಂದು ದೊಡ್ಡ ಚೌಕಾಬಾರದ ಮಣೆಯಾಗಿದ್ದು, ಮನೆಗಳ ಸಂಖ್ಯೆ ಊಹಿಸಲಾಗದಷ್ಟು ದೊಡ್ಡ ಅವಿಭಾಜ್ಯ ಸಂಖ್ಯೆಯಿಂದ ಬಂದಿದ್ದರೆ, ಅದರ ಒಂದು ಮೂಲೆಯಲ್ಲಿರುವ ನಮಗೆ ಅದು ಯೂಕ್ಲಿಡ್‌ನ ಸಮತಲದಂತೆಯೇ ಕಂಡೀತಲ್ಲವೇ? ಇದನ್ನು ಪರೀಕ್ಷಿಸಲು ಅಂಥ ಲೋಕದಲ್ಲಿ ವೃತ್ತ, ದೀರ್ಘವೃತ್ತಗಳು ಹೇಗಿರುತ್ತವೆ ಎಂದು ತಿಳಿಯಬೇಕಾಗಿತ್ತು. ಗ್ರಹಗಳ ದಾರಿ ದೀರ್ಘವೃತ್ತವಲ್ಲವೇ!

ಶಂಕುವನ್ನು ಕತ್ತರಿಸಿದಾಗ ದೊರೆಯುವ ಗೆರೆಗಳಿಗೆ ಶಂಕುಜಗಳೆಂದು ಹೆಸರು: ದೀರ್ಘವೃತ್ತ, ಪರವಲಯ, ಅತಿಪರವಲಯ. ಮೂರೂ ಎರಡನೇ ದರ್ಜೆಯ ಸಮೀಕರಣಗಳು. ಮಣೆಯ ಮೇಲೆ ಇವನ್ನು ಬಿಡಿಸಿದರೆ ಸೊಗಸಾದ ಒಂದು ವ್ಯವಸ್ಥೆ ಕಾಣುತ್ತದೆ. ಅಡ್ಡ ಸಂಖ್ಯೆಯ ವರ್ಗವೇ ನೆಟ್ಟ ಸಂಖ್ಯೆ ಎಂಬ ನಿಯಮ ಹಾಕಿದರೆ ಪರವಲಯ. ಅದರಲ್ಲಿ ಐದು ಬಿಂದುಗಳು. ಎರಡರ ಗುಣಲಬ್ಧ 1 ಎಂದರೆ ಅತಿಪರವಲಯ, ಅದರಲ್ಲಿ ನಾಲ್ಕೇ. ಅಡ್ಡ ಸಂಖ್ಯೆಯ ವರ್ಗಕ್ಕೆ ನೆಟ್ಟ ಸಂಖ್ಯೆಯ ವರ್ಗದ ಮೂರರಷ್ಟು ಕೂಡಿಸಿದರೆ 1 ಬರಬೇಕು ಎಂದರೆ ದೀರ್ಘವೃತ್ತ. ಅದರಲ್ಲಿ ಆರು ಬಿಂದುಗಳು. ಮೊದಲು ಇಟ್ಟ ಆರು ಕಾಯಿಗಳು ಇವೇ. ಮೂರರಲ್ಲಿ ಯಾವುದನ್ನೂ ಒಂದು ಸಾಲು ಎರಡಕ್ಕಿಂತ ಹೆಚ್ಚು ಕಡೆ ಕತ್ತರಿಸುವುದಿಲ್ಲ. ಪರವಲಯದ ಕಾಣೆಯಾದ ಒಂದು ಬಿಂದು, ಅತಿಪರವಲಯದ ಕಾಣೆಯಾದ ಎರಡು ಬಿಂದುಗಳು ಮಣೆಯಾಚೆ, ಸಮಾಂತರ ಸಾಲುಗಳು ಕೂಡುವ ದಿಗಂತದಲ್ಲಿವೆ ಎಂದು ಭಾವಿಸಿದರೆ ಎಲ್ಲಕ್ಕೂ ಆರಾರು ಬಿಂದುಗಳೇ. ದಿಗಂತವನ್ನೂ ಸೇರಿಸಿಕೊಂಡ ಸಮತಲಕ್ಕೆ ಪ್ರಕ್ಷೇಪ ಸಮತಲ ಎನ್ನುತ್ತಾರೆ. ಅಂದಹಾಗೆ, ಈ ಮಣೆಯ ಮೇಲೆ ವೃತ್ತದ ಸಮೀಕರಣವನ್ನು ಬಿಡಿಸಲು ಹೋದರೆ ಬರುವುದು ನಾಲ್ಕೇ ಬಿಂದುಗಳ ಅತಿಪರವಲಯ. ಕೈವಾರದ ಅಭ್ಯಾಸವನ್ನು ಇಲ್ಲಿಗೆ ತರುವಂತಿಲ್ಲ.

ಶಂಕುಜಗಳೆಲ್ಲ ಓವಲ್‌ಗಳು, ಸರಿ. ಓವಲ್‌ಗಳೆಲ್ಲ ಶಂಕುಜಗಳೇ? 1949ರಲ್ಲಿ ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿ ನಡೆದ ಸ್ಕ್ಯಾಂಡಿನೇವಿಯದ ಗಣಿತಜ್ಞರ ಸಮ್ಮೇಳನದಲ್ಲಿ ಈ ಇಬ್ಬರು ಖಗೋಳಜ್ಞರು ಬೆಸ ಅವಿಭಾಜ್ಯ ದರ್ಜೆಯಲ್ಲಿ ಹೌದು ಎಂದು ಊಹೆ ಮಂಡಿಸಿದರು.

ಅದು ಎಂಥ ಧೈರ್ಯದ ಮಾತೆಂದು ತಿಳಿಯಲು ಚೌಕಾಬಾರದ ಮಣೆ ಚಿಕ್ಕದಾಯಿತು. 101 ಅಡ್ಡ, 101 ಉದ್ದದ ಮಣೆ ಬೇಕು. ಮೂರು ಒಂದೇ ಸಾಲಿಗೆ ಬಾರದ ಯಾವುದೇ ಐದು ಬಿಂದುಗಳ ಮೂಲಕ ಹಾಯುವ ಶಂಕುಜ ಒಂದೇ ಒಂದು. ಇನ್ನು 97 ಬಿಂದುಗಳನ್ನು ಇಡುವವರು ಸಮೀಕರಣದ ಹೆಸರನ್ನೂ ಕೇಳಿಲ್ಲ, ಮೂರು ಒಂದೇ ಸಾಲಿಗೆ ಬಾರದಂತೆ ನೋಡಿಕೊಳ್ಳುವುದಷ್ಟೇ ಅವರ ಕೆಲಸ. ಆದರೂ ಪೂರ್ತಿ 102 ಇಟ್ಟು ಮುಗಿಸಿದರೆಂದರೆ ಎಲ್ಲವೂ ಮೊದಲ ಐದು ನಿರ್ಧರಿಸಿದ ಅದೇ ಶಂಕುಜದ ಮೇಲೆ ಬಂದು ಕೂತಿರಬೇಕು ಎಂಬುದು ಊಹೆ. ಎಣಿಕೆಯ ನಿಯಮವೊಂದು ತಾನಾಗಿ ಆಕಾರವನ್ನು ಕೊರೆಯುತ್ತದೆ ಎಂದಂತಾಯಿತು.

ಅಮೆರಿಕದ ಮಾರ್ಷಲ್ ಹಾಲ್ ಇಂಥ ಸಮತಲಗಳ ವಿಷಯದಲ್ಲಿ ಆಗಿನ ಕಾಲದ ದೊಡ್ಡ ಅಧಿಕಾರವಾಣಿ. ‘ಮ್ಯಾಥಮೆಟಿಕಲ್ ರಿವ್ಯೂಸ್’ ಪತ್ರಿಕೆಗೆ ಈ ಲೇಖನದ ವಿಮರ್ಶೆ ಬರೆದ ಅವರು ಊಹೆ ತಮಗೆ ನಂಬತಕ್ಕದ್ದಾಗಿ ಕಾಣುವುದಿಲ್ಲ ಎಂದು ಷರಾ ಹಾಕಿದರು. ಅವರ ಸ್ಥಾನದಲ್ಲಿದ್ದ ಯಾರೂ ಹಾಗೆಯೇ ಹೇಳುತ್ತಿದ್ದರೇನೋ.

ಆ ವಿಮರ್ಶೆಯನ್ನು ಓದಿದವರಲ್ಲಿ ರೋಮ್ ವಿಶ್ವವಿದ್ಯಾಲಯದ ಬೆನಿಯಾಮಿನೊ ಸೆಗ್ರೆ ಒಬ್ಬರು. 1903ರಲ್ಲಿ ಟುರಿನ್‌ನಲ್ಲಿ ಹುಟ್ಟಿ, ಇನ್ನೂ 30 ತುಂಬುವ ಮೊದಲೇ ಬೊಲೋನ್ಯದಲ್ಲಿ ಪ್ರೊಫೆಸರ್ ಆದವರು. 1938ರಲ್ಲಿ ಮುಸೊಲಿನಿ ಸರ್ಕಾರ ಜನಾಂಗ ಕಾನೂನುಗಳನ್ನು ತಂದು ಯೆಹೂದಿಗಳನ್ನು ವಿಶ್ವವಿದ್ಯಾಲಯಗಳಿಂದ ಹೊರಹಾಕಿತು. ಸೆಗ್ರೆ ಕುಟುಂಬದೊಡನೆ ಇಂಗ್ಲೆಂಡಿಗೆ ಹೋದರು. ಪೂರ್ಣ ಪ್ರೊಫೆಸರ್ ಆಗಿದ್ದವರು ಯುದ್ಧಕಾಲದಲ್ಲಿ ಮ್ಯಾಂಚೆಸ್ಟರಿನಲ್ಲಿ ಸಹಾಯಕ ಉಪನ್ಯಾಸಕರಾಗಿ ಪಾಠ ಹೇಳಿದರು. 1946ರಲ್ಲಿ ಬೊಲೋನ್ಯದ ಹಳೆಯ ಪೀಠಕ್ಕೆ ಮರಳಿ, 1950ರ ಸುಮಾರಿಗೆ ರೋಮ್‌ಗೆ ಬಂದರು. ಲೈಪ್‌ಜಿಗ್‌ನಿಂದ ಹೊರಹಾಕಿದವರೊಬ್ಬರ ಪಾಠದಿಂದ ಕಲ್ಕತ್ತದಲ್ಲಿ ಆರಂಭವಾದ ಕೆಲಸವನ್ನು ಇನ್ನೊಂದು ತುದಿಯಲ್ಲಿ ಪೂರೈಸಿದವರೂ ಹೊರಹಾಕಿಸಿಕೊಂಡವರೇ ಆದದ್ದು ಆ ಶತಮಾನದ ಗಣಿತದಲ್ಲಿ ಅಪರೂಪದ ಕಾಕತಾಳೀಯವೇನಲ್ಲ.

ಸೆಗ್ರೆ ತಮ್ಮ ಸಾಧನೆಯನ್ನು 1954ರಲ್ಲಿ ಇಟಲಿಯಲ್ಲಿ ಪ್ರಕಟಿಸಿದರು. 1955ರಲ್ಲಿ ಕೆನಡಾದ ಗಣಿತ ಪತ್ರಿಕೆಯಲ್ಲಿ ಇಂಗ್ಲಿಷಿನಲ್ಲಿ ಬಂತು. ಮೂರೇ ಪುಟ. ಗಾಲ್ವಾ ಕ್ಷೇತ್ರದಿಂದ ಕಟ್ಟಿದ ಬೆಸ ದರ್ಜೆಯ ಸಮತಲದಲ್ಲಿ ಓವಲ್‌ಗಳೆಲ್ಲ ಶಂಕುಜಗಳೇ. ಫಿನ್ಲೆಂಡಿನವರು ಕೇಳಿದ್ದಕ್ಕಿಂತ ಹೆಚ್ಚಾಗಿಯೇ ಅವರು ಸಾಧಿಸಿದ್ದರು; 9, 25, 27ರಂಥ ದರ್ಜೆಗಳೂ ಅದರಲ್ಲಿ ಸೇರಿದ್ದವು.

ಮೂರು ಪುಟಗಳ ಒಳಗುಟ್ಟು ಇದು. ಓವಲ್‌ನ ಒಂದು ಬಿಂದುವಿನಿಂದ ಮಣೆಯಲ್ಲಿ ಆರು ಸಾಲು ಹೊರಡುತ್ತವೆ. ಐದು ಸಾಲುಗಳು ಉಳಿದ ಐದು ಬಿಂದುಗಳಿಗೆ ಹೋದರೆ ಒಂದು ಮಿಕ್ಕಿತು. ಅದು ಓವಲನ್ನು ಅಲ್ಲಿ ಮಾತ್ರ ಮುಟ್ಟುವ ಸ್ಪರ್ಶಕ. ಸೆಗ್ರೆ ಮೂರು ಬಿಂದುಗಳನ್ನು ಆಯ್ದು, ಅಲ್ಲಿಂದ ಹೊರಡುವ ಸಾಲುಗಳ ಓರೆಗಳನ್ನೆಲ್ಲ ಒಟ್ಟಿಗೆ ಗುಣಿಸಿದರು. ಆಗ ಕ್ಷೇತ್ರದ ಸೊನ್ನೆಯಲ್ಲದ ಸಂಖ್ಯೆಗಳ ಗುಣಲಬ್ಧ ಎದುರಾಗುತ್ತದೆ. ಐದರ ಲೋಕದಲ್ಲಿ 1, 2, 3, 4 ಗುಣಿಸಿದರೆ 24. 25ಕ್ಕೆ ಒಂದು ಕಡಿಮೆ, ಎಂದರೆ ಋಣ 1. ಯಾವ ಗಾಲ್ವಾ ಕ್ಷೇತ್ರದಲ್ಲೂ ಉತ್ತರ ಋಣ 1. ವಿಲ್ಸನ್ ಪ್ರಮೇಯವೆಂದು ಕಾಲೇಜಿನಲ್ಲಿ ಕಲಿಸುವ ಹಳೆಯ ಸಂಗತಿಯೇ ಇದು. ಈ ಒಂದು ಋಣ ಚಿಹ್ನೆ ಮೂರು ಸ್ಪರ್ಶಕಗಳನ್ನು ಒಂದಕ್ಕೊಂದು ಕಟ್ಟಿಹಾಕುತ್ತದೆ. ಯಾವ ಮೂರು ಬಿಂದುಗಳನ್ನು ಆಯ್ದರೂ ಕಟ್ಟು ತಪ್ಪದು. ಅಲ್ಲಿಂದ ಎರಡನೇ ದರ್ಜೆಯ ಸಮೀಕರಣಕ್ಕೆ ನಾಲ್ಕು ಹೆಜ್ಜೆ. ಇಷ್ಟು ಸರಳವಾದ ಸಾಧನ ಕೈಯಲ್ಲಿದ್ದೂ ಯಾರಿಗೂ ಹೊಳೆದಿರಲಿಲ್ಲ.

ಈ ಲೇಖನದ ವಿಮರ್ಶೆಯ ಪಾಳಿಯೂ ಹಾಲ್ ಅವರದೇ ಆಯಿತು. ತಮ್ಮ ಅಪನಂಬಿಕೆಯೇ ಲೇಖಕರನ್ನು ಸ್ವಲ್ಪಮಟ್ಟಿಗೆ ಹುರಿದುಂಬಿಸಿದಂತಿದೆ ಎಂದೂ, ತಮ್ಮ ಇನ್ನುಳಿದ ಸಂಶಯಗಳಿಗೂ ಇಂಥ ಫಲವೇ ದೊರೆತರೆ ಸಂತೋಷವೆಂದೂ ಅವರು ಬರೆದರು. ತಪ್ಪನ್ನು ಇಷ್ಟು ಚೆನ್ನಾಗಿ ಒಪ್ಪಿಕೊಂಡ ವಿಮರ್ಶೆಗಳು ಯಾವ ಶಾಸ್ತ್ರದಲ್ಲೂ ಹೆಚ್ಚಿಲ್ಲ.

ಸೆಗ್ರೆ ಪ್ರಮೇಯ ಗಾಲ್ವಾ ಕ್ಷೇತ್ರದ ಸಮತಲಗಳಿಗೆ ಸಂಬಂಧಿಸಿದ್ದು. ಕ್ಷೇತ್ರವಿಲ್ಲದ ದರ್ಜೆಗಳಲ್ಲಿ ಸಮತಲವೇ ಇದೆಯೋ ಇಲ್ಲವೋ ಎಂಬುದು ಬೇರೆ ಸಮಸ್ಯೆ. ಅಲ್ಲೂ ಓವಲ್ ಒಂದು ಪಾತ್ರ ವಹಿಸಿತು. 1949ರಲ್ಲಿ ಅಮೆರಿಕಕ್ಕೆ ಹೋಗಿದ್ದ ಬೋಸ್, ಎಸ್.ಎಸ್. ಶ್ರೀಖಂಡೆ ಮತ್ತು ಅರ್ನೆಸ್ಟ್ ಪಾರ್ಕರ್ ಜೊತೆಗೂಡಿ 1959ರಲ್ಲಿ ಆಯ್ಲರ್‌ನ 1782ರ ಊಹೆಯೊಂದನ್ನು ಸುಳ್ಳಾಗಿಸಿ ‘ನ್ಯೂಯಾರ್ಕ್ ಟೈಮ್ಸ್’ ಮುಖಪುಟಕ್ಕೆ ಬಂದಿದ್ದರು. ಲ್ಯಾಟಿನ್ ಚೌಕಗಳ ಆ ಗೆಲುವಿನ ನಂತರ 10ನೇ ದರ್ಜೆಯ ಸಮತಲ ಇದ್ದರೂ ಇರಬಹುದು ಎಂಬ ಆಸೆ ಹಲವರಿಗೆ ಹುಟ್ಟಿತು. ಕೆನಡಾದ ಕ್ಲೆಮೆಂಟ್ ಲ್ಯಾಮ್ ಮತ್ತು ಸಂಗಡಿಗರು 1983ರಲ್ಲಿ, ಅಂಥ ಸಮತಲವಿದ್ದರೆ ಅದರಲ್ಲಿ 12 ಬಿಂದುಗಳ ಓವಲ್ ಇರುವುದು ಸಾಧ್ಯವಿಲ್ಲ ಎಂದು ಕಂಪ್ಯೂಟರಿನಿಂದ ತೋರಿಸಿದರು. ಆ ಬಾಗಿಲು ಮುಚ್ಚಿದ ಮೇಲೆ ಉಳಿದವನ್ನೂ ಒಂದೊಂದಾಗಿ ಮುಚ್ಚುತ್ತ ಹೋಗಿ, ಕ್ರೇ ಸೂಪರ್ ಕಂಪ್ಯೂಟರಿನ ಸುಮಾರು 2,000 ಗಂಟೆಗಳನ್ನು ಬಳಸಿ, 1989ರಲ್ಲಿ ಸಮತಲವೇ ಇಲ್ಲ ಎಂದು ಪ್ರಕಟಿಸಿದರು. ಯಂತ್ರದ ಈ ತೀರ್ಪನ್ನು ಬೇರೊಂದು ವಿಧಾನದಲ್ಲಿ ಮತ್ತೆ ಪರಿಶೀಲಿಸಿದ ಫಲಿತಾಂಶ 2021ರಲ್ಲಿ ಹೊರಬಂತು, ಉತ್ತರ ಬದಲಾಗಲಿಲ್ಲ.

ಗೊಬ್ಬರದ ಪ್ರಯೋಗಕ್ಕಾಗಿ ಹುಟ್ಟಿದ ಎಣಿಕೆ ಇಂದು ಹೆಚ್ಚು ದುಡಿಯುತ್ತಿರುವುದು ಹೊಲದಲ್ಲಲ್ಲ. 2, 1, 3 ಎಂಬ ಮೂರು ಸಂಖ್ಯೆಗಳ ಸಂದೇಶ ಕಳುಹಿಸಬೇಕಾಗಿದೆ ಎನ್ನಿ. ದಾರಿಯಲ್ಲಿ ಕೆಲವು ಅಳಿಸಿಹೋಗಬಹುದು. ಐದರ ಲೋಕದ ಪ್ರತಿ ಸಂಖ್ಯೆಗೂ ಈ ಲೆಕ್ಕ ಮಾಡಿ: ಎರಡು, ಅದಕ್ಕೆ ಆ ಸಂಖ್ಯೆ, ಅದಕ್ಕೆ ಆ ಸಂಖ್ಯೆಯ ವರ್ಗದ ಮೂರರಷ್ಟು. 0ಯಿಂದ 4ರವರೆಗೆ ಬರುವ ಉತ್ತರಗಳು 2, 1, 1, 2, 4. ಕೊನೆಗೆ ಸಂದೇಶದ 3ನ್ನೇ ಸೇರಿಸಿ ಆರು ಸಂಖ್ಯೆಗಳನ್ನು ಕಳುಹಿಸಿದರೆ, ಯಾವ ಮೂರು ಅಳಿಸಿಹೋದರೂ ಉಳಿದ ಮೂರರಿಂದ ಮೂಲ ಸಂದೇಶವನ್ನು ಹಿಂದಕ್ಕೆ ಪಡೆಯಬಹುದು. ಕಾರಣ, ಈ ಆರು ಲೆಕ್ಕಗಳು ಪರವಲಯದ ಐದು ಬಿಂದುಗಳು ಮತ್ತು ದಿಗಂತದಲ್ಲಿ ಅದಕ್ಕಿರುವ ಆರನೆಯದು. ಅವುಗಳಲ್ಲಿ ಮೂರು ಒಂದೇ ಸಾಲಿಗೆ ಬರುವುದಿಲ್ಲ. ಈ ಬಗೆಯ ಲೆಕ್ಕದಲ್ಲಿ ಏಳನೆಯದನ್ನು ಸೇರಿಸಲು ಬೋಸ್ ಅವರ ಮಿತಿ ಬಿಡುವುದಿಲ್ಲ.

ಇದನ್ನೇ ಹೆಚ್ಚು ಆಯಾಮಗಳಿಗೆ ಹಿಗ್ಗಿಸಿದರೆ ಸಿಗುವುದು ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲೊಮನ್ 1960ರಲ್ಲಿ ಪ್ರಕಟಿಸಿದ ಸಂಕೇತ. ಅದೇ ವರ್ಷ ಬೋಸ್ ಮತ್ತು ಅವರ ಶಿಷ್ಯ ಡಿ.ಕೆ. ರಾಯ್‌ಚೌಧುರಿ ಅದರ ಹತ್ತಿರದ ಬಂಧುವಾದ ಇನ್ನೊಂದು ಸಂಕೇತವನ್ನು ಪ್ರಕಟಿಸಿದರು. ಫ್ರಾನ್ಸಿನ ಅಲೆಕ್ಸಿಸ್ ಒಕ್ಕೆಂಗೆಮ್ 1959ರಲ್ಲೇ ಅದನ್ನು ಕಂಡಿದ್ದರು. ಸಿ.ಡಿ. ತಟ್ಟೆಯ ಮೇಲೆ ಗೀರು ಬಿದ್ದರೂ ಹಾಡು ಕೆಡದಂತೆ ನೋಡಿಕೊಂಡದ್ದು ರೀಡ್-ಸಾಲೊಮನ್ ಸಂಕೇತ. 1994ರಲ್ಲಿ ಜಪಾನಿನಲ್ಲಿ ಹುಟ್ಟಿದ ಕ್ಯೂಆರ್ ಚೌಕದೊಳಗೆ ಇರುವುದೂ ಅದೇ. ತರಕಾರಿ ಗಾಡಿಗೆ ಅಂಟಿಸಿದ ಚೀಟಿಯ ಮೂಲೆ ಹರಿದು, ಮೇಲೆ ನೀರು ಬಿದ್ದು ಮಾಸಿದ್ದರೂ ಫೋನು ಅದನ್ನು ಓದಿಬಿಡುತ್ತದೆ. ಅತಿ ಗಟ್ಟಿ ಬಗೆಯ ಚೌಕದಲ್ಲಿ ಶೇ 30ರಷ್ಟು ಭಾಗ ಕೆಟ್ಟರೂ ಸಂದೇಶ ಸಿಗುತ್ತದೆ. ಆಯಾಮ ಹೆಚ್ಚಿದಾಗ ಮಿತಿ ಎಷ್ಟು ಎಂದು 1955ರಲ್ಲೇ ಕೇಳಿದವರು ಸೆಗ್ರೆ. ಅವಿಭಾಜ್ಯ ದರ್ಜೆಗಳಿಗೆ ಪೂರ್ತಿ ಉತ್ತರ ಬಂದದ್ದು 2012ರಲ್ಲಿ, ಬಾರ್ಸಿಲೋನಾದ ಸಿಮಿಯೊನ್ ಬಾಲ್ ಅವರಿಂದ. ಅವರು ಹಿಡಿದದ್ದೂ ಸೆಗ್ರೆಯ ಸ್ಪರ್ಶಕಗಳ ಗುಣಲಬ್ಧದ ದಾರಿಯನ್ನೇ.

ಹೆಲ್ಸಿಂಕಿಯವರ ಪರಿಮಿತ ವಿಶ್ವವನ್ನು ಭೌತವಿಜ್ಞಾನ ಒಪ್ಪಿಕೊಳ್ಳಲಿಲ್ಲ. ಕುಸ್ತಾನ್‌ಹೈಮೊ ಹೆಸರನ್ನು ಇಂದು ಖಗೋಳಜ್ಞರು ನೆನೆಯುವುದು ಉಪಗ್ರಹಗಳ ಕಕ್ಷೆಯ ಲೆಕ್ಕವನ್ನು ಸುಲಭಗೊಳಿಸಿದ ಒಂದು ಸೂತ್ರಕ್ಕಾಗಿ. ಸ್ವಿಟ್ಜರ್ಲೆಂಡಿನ ಎಡುವರ್ಡ್ ಸ್ಟೀಫೆಲ್ ಅವರೊಡನೆ ಅದನ್ನು 1965ರಲ್ಲಿ ಪ್ರಕಟಿಸಿದರು. ಸೆಗ್ರೆ 1977ರಲ್ಲಿ, ಬೋಸ್ 1987ರಲ್ಲಿ ತೀರಿಕೊಂಡರು. ಬೋಸ್ ಬಿಟ್ಟುಹೋದ ಸಂಸ್ಥೆಯಲ್ಲಿ ಮೊಟ್ಟೆಯ ವಿದ್ಯೆ ನಿಲ್ಲಲಿಲ್ಲ. ಅದರ ಬೆಂಗಳೂರು ಕೇಂದ್ರದಲ್ಲಿ ಕೆಲಸ ಮಾಡಿದ ಭಾಸ್ಕರ್ ಬಾಗ್ಚಿ ಮತ್ತು ಎನ್.ಎಸ್. ನರಸಿಂಹ ಶಾಸ್ತ್ರಿ ಓವಲ್‌ಗಳ ಮೂರು ಆಯಾಮದ ರೂಪಗಳಾದ ಓವಾಯ್ಡ್‌ಗಳ ಮೇಲೆ 1980ರ ದಶಕದಲ್ಲಿ ಒಟ್ಟಾಗಿ ಬರೆದರು.

ಬೆಸ ದರ್ಜೆಯ ಕಥೆ ಸೆಗ್ರೆಯೊಡನೆ ಮುಗಿಯಿತು. ಸಮ ದರ್ಜೆಯದು ಮುಗಿದಿಲ್ಲ. ಅಲ್ಲಿನ ಕ್ಷೇತ್ರಗಳಲ್ಲಿ 1ಕ್ಕೆ 1 ಕೂಡಿಸಿದರೆ ಸೊನ್ನೆ. ಆದ್ದರಿಂದ 1 ಮತ್ತು ಋಣ 1 ಎರಡೂ ಒಂದೇ. ಸೆಗ್ರೆ ಆತುಕೊಂಡ ಋಣ ಚಿಹ್ನೆಗೆ ಅಲ್ಲಿ ಬೆಲೆಯಿಲ್ಲ. ಅದೇ ಗುಣಾಕಾರ ಬೇರೆಯದನ್ನೇ ಹೇಳುತ್ತದೆ: ಓವಲ್‌ನ ಸ್ಪರ್ಶಕಗಳೆಲ್ಲ ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಇದನ್ನು ಮೊದಲು ತೋರಿಸಿದವರೂ ಫಿನ್ಲೆಂಡಿನವರೇ, 1952ರಲ್ಲಿ ಬರ್ಟಿಲ್ ಕ್ವಿಸ್ಟ್. ಆ ಬಿಂದುವನ್ನು ಓವಲ್‌ಗೆ ಸೇರಿಸಿದರೆ ಬೋಸ್ ಕಂಡ ಒಂದು ಹೆಚ್ಚಿನ ಕಾಯಿ ದೊರೆಯಿತು. ಆದರೆ ಆಕಾರದ ಕಟ್ಟು ಸಡಿಲವಾಯಿತು. 1958ರಲ್ಲಿ ಮಿಲಾನಿನಲ್ಲಿ ಲುನೆಲ್ಲಿ ಮತ್ತು ಶೆ ಎಂಬಿಬ್ಬರು 16ನೇ ದರ್ಜೆಯ ಸಮತಲವನ್ನು ಕಂಪ್ಯೂಟರಿನಲ್ಲಿ ಜಾಲಾಡಿದಾಗ ಶಂಕುಜದಿಂದ ಬಾರದ 18 ಬಿಂದುಗಳ ಗುಂಪೊಂದು ಸಿಕ್ಕಿತು. ಅಲ್ಲಿಂದೀಚೆಗೆ ಇಂಥವು ಬಗೆಬಗೆಯಾಗಿ ಸಿಗುತ್ತ ಬಂದಿವೆ. ಇವು ಇಷ್ಟೇ ಎನ್ನುವ ನಿಯಮ ಮಾತ್ರ ಸಿಕ್ಕಿಲ್ಲ. ಒಂದೊಂದು ದರ್ಜೆಯನ್ನು ಬೇರೆಬೇರೆಯಾಗಿ ಹುಡುಕಿ ಪಟ್ಟಿ ಮಾಡುವುದೇ ದಾರಿ. 32ನೇ ದರ್ಜೆಯ ಪಟ್ಟಿ 1994ರಲ್ಲಿ ಪೂರ್ತಿಯಾಯಿತು. ಅದರ ಮುಂದಿನ 64ನೇ ದರ್ಜೆಯದಕ್ಕೆ 2019ರವರೆಗೆ ಕಾಯಬೇಕಾಯಿತು.